ತೆಲುಗು ತಡಿ, ಕನ್ನಡ ತಡಿ

ಮೊದಲ ಸಲ ಭೇಟಿಯಾದಾಗ ಅವರೂ ನಾನೂ ಎದುರುಬದುರು ನಿಂತು ಕಾಲು ಗಂಟೆ ಕಾದೆವು. ಯಾರು ಯಾತಕ್ಕೆ ಕಾಯುತ್ತಿದ್ದೇವೆ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ.

ಹಿಂದೂಪುರದಲ್ಲಿ ಹುಣಸೆಹಣ್ಣಿನ ಮಂಡಿಗಳ ಹಿಂದಿನ ಬೀದಿಯಲ್ಲಿ ನನ್ನದೊಂದು ಪ್ಲಾಸ್ಟಿಕ್ ಶೀಟಿನ ಅಂಗಡಿ ಇದೆ. ಮೂಟೆಗಳಿಗೆ ಹೊದಿಸುವ ಟಾರ್ಪಾಲು, ಟೊಮೇಟೊ ಸಾಲಿಗೆ ಹಾಸುವ ಕರೀ ಶೀಟು, ಮದುವೆ ಊಟದ ಮೇಜಿನ ಮೇಲೆ ಎಳೆಯುವ ತೆಳು ರೋಲು, ಡೈನಿಂಗ್ ಟೇಬಲ್ಲಿಗೆ ಹಾಕುವ ಗಾಜಿನಂಥ ದಪ್ಪ ಶೀಟು, ಎಲ್ಲ ಸಿಗುತ್ತದೆ. ಒಂದು ಬೆಳಿಗ್ಗೆ ಕಲ್ಯಾಣದುರ್ಗದ ಬಸ್ಸಿಳಿದು ಬಂದ ಗಿಡ್ಡನೆಯ ಮನುಷ್ಯರೊಬ್ಬರು ಆ ದಪ್ಪ ಶೀಟು ಕೇಳಿದರು. ಕಿವಿಯ ಮೇಲೆ ಪೆನ್ಸಿಲು, ಅಂಗಿಯ ಜೇಬಿನಲ್ಲಿ ಮರದ ಹೊಟ್ಟು. ರೋಲು ಬಿಚ್ಚಿ ಮುಂದಿಟ್ಟೆ. ಅವರು ಕಿರುಬೆರಳಿನ ಹಿಂಬದಿಯಿಂದ ಶೀಟನ್ನು ಒಂದು ಸಲ ಸವರಿ "ತಡಿ" ಅಂದರು.

ನಾನು ತಡೆದೆ. ಏನೋ ಅಳತೆ ನೆನಪು ಮಾಡಿಕೊಳ್ಳುತ್ತಿರಬಹುದು ಅಂದುಕೊಂಡೆ. ಅವರು ನನ್ನ ಮುಖ ನೋಡುತ್ತ ನಿಂತರು. ನಾನು ಅವರ ಮುಖ ನೋಡುತ್ತ ನಿಂತೆ. ನಡುವೆ ಇಬ್ಬರು ಗಿರಾಕಿಗಳು ಬಂದು ವ್ಯಾಪಾರ ಮುಗಿಸಿಕೊಂಡು ಹೋದರು. ಕೊನೆಗೆ ನನಗೇ ತಾಳ್ಮೆ ತಪ್ಪಿತು.

"ಏನಣ್ಣ, ಇನ್ನೂ ಎಷ್ಟೊತ್ತು ತಡೀಬೇಕು ನಾನು?"

"ನಿನ್ನ ಯಾರು ತಡಿ ಅಂದ್ರು ಕಣಮ್ಮ? ಶೀಟು ತಡಿ ಐತೆ ಅಂದೆ. ಒಣಗಿರೋದು ತತ್ತೀಯ ಅಂತ ನಾನು ನಿಂತಿವ್ನಿ."

ಹಿಂದಿನ ದಿನ ಅಂಗಡಿಯ ಮಾಡಿನ ತಗಡು ಸೋರಿ ರೋಲಿಗೆ ನೀರು ಇಳಿದಿತ್ತು. ತೆಲುಗಿನಲ್ಲಿ ತಡಿ ಎಂದರೆ ಒದ್ದೆ. ಕನ್ನಡದಲ್ಲಿ ತಡಿ ಎಂದರೆ ತಾಳು. ನಮ್ಮ ಕಡೆ ಎಲ್ಲರಿಗೂ ಎರಡು ಭಾಷೆಯೂ ಬರುತ್ತದೆ, ಅದೇ ಅನುಕೂಲ, ಅದೇ ಫಜೀತಿ. ಒಂದೇ ಮಾತಿನಲ್ಲಿ ನಾಲ್ಕು ಸಲ ಆ ಕಡೆಯಿಂದ ಈ ಕಡೆಗೆ ಹಾರುತ್ತೇವೆ, ಯಾವಾಗ ಹಾರಿದೆವು ಎಂಬುದು ನಮಗೇ ಗೊತ್ತಿರುವುದಿಲ್ಲ. ಅಂದು ಅವರು ಬೀದಿಗೆಲ್ಲ ಕೇಳುವಂತೆ ನಕ್ಕರು. ನನಗೆ ಸಿಟ್ಟು ಬಂದಿತ್ತು, ಆದರೂ ನಕ್ಕೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಾವು ಮಾಡಿದ ಬಾಗಿಲು, ಬೀರು, ಮೇಜು ಯಾವುದರ ಮೇಲೂ ಅವರು ಹೆಸರು ಹಾಕಿದವರಲ್ಲ. ಒಮ್ಮೆ ಯಾರೋ ಹೊಸ ಮನೆಯವರು ದೇವರ ಮಂಟಪದ ಹಿಂದೆ ನಿಮ್ಮ ಹೆಸರು ಕೊರೆಯಿರಿ ಎಂದು ಒತ್ತಾಯ ಮಾಡಿದಾಗ, "ಕೊರೆದ್ರೆ ಅಲ್ಲಿಂದ ಗಾಳಿ ಹೋಯ್ತದೆ, ಬೇಡ" ಅಂದರಂತೆ. ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ನಾನು ಅಣ್ಣ ಎನ್ನುತ್ತಿದ್ದೆ. ಹುಟ್ಟಿದ್ದು ಬೆಳುಗುಪ್ಪದ ಕಡೆಯ ಒಕ್ಕಲು ಮನೆಯಲ್ಲಿ. ಮನೆತನದಲ್ಲಿ ಉಳಿ ಹಿಡಿದವರೇ ಇರಲಿಲ್ಲ. ಕಡಲೆಕಾಯಿ ಬಿತ್ತುವುದು ಬಿಟ್ಟು ಮರ ಹಿಡಿದಾಗ ಅವರಪ್ಪ ಒಂದು ವರ್ಷ ಮಾತು ಬಿಟ್ಟಿದ್ದರಂತೆ. ಆಮೇಲೆ ಮಗ ಮಾಡಿಕೊಟ್ಟ ಮಂಚದ ಮೇಲೆ ಮಲಗಿ, ಮಗನ ಜೊತೆ ಅಲ್ಲ, ಮಂಚದ ಜೊತೆ ಮಾತು ಶುರು ಮಾಡಿದರಂತೆ. "ಪರವಾಗಿಲ್ಲ ಕಣೋ ನೀನು" ಅಂತ ಕಾಲು ತಟ್ಟುತ್ತಿದ್ದರು, ಮಂಚದ ಕಾಲು, ಎಂದು ಹೇಳುವಾಗ ಅವರ ಕಣ್ಣು ಸಣ್ಣಗಾಗುತ್ತಿತ್ತು.

ಕಲ್ಯಾಣದುರ್ಗದಲ್ಲಿ ಮನೆಯ ಮುಂದೆಯೇ ತಗಡಿನ ಶೆಡ್ಡು ಅವರ ಕಾರ್ಖಾನೆ. ಬಾಗಿದ ಕೆಲಸ ಅವರಿಗೆ ಬಲು ಇಷ್ಟ. ಕಮಾನು, ಸೊಂಟ ಬಾಗಿದ ಕುರ್ಚಿ, ಮೂಲೆಯೇ ಇಲ್ಲದ ಬೀರು. ಕಾಗದದಷ್ಟು ತೆಳುವಾದ ಮರದ ಹಾಳೆಗಳನ್ನು ಅಚ್ಚಿನ ಮೇಲೆ ಒಂದರ ಮೇಲೊಂದು ಅಂಟಿಸಿದರೆ ಅಂಟು ಗಟ್ಟಿಯಾದ ಮೇಲೆ ಅಚ್ಚಿನ ಬಾಗು ಮರಕ್ಕೆ ಬಂದುಬಿಡುತ್ತದೆ. ಕಷ್ಟವೆಲ್ಲ ಅಷ್ಟು ಹೊತ್ತು ಒತ್ತಿ ಹಿಡಿಯುವುದರಲ್ಲಿ. ಮೊದಮೊದಲು ಅವರು ಬೀದಿಯ ರುಬ್ಬುಗಲ್ಲುಗಳನ್ನೆಲ್ಲ ತಂದು ಹೇರುತ್ತಿದ್ದರಂತೆ. ಮಿಕ್ಸಿ ಬಂದ ಮೇಲೆ ಮೂಲೆ ಸೇರಿದ್ದ ಕಲ್ಲುಗಳಿಗೆ ಮತ್ತೆ ಮರ್ಯಾದೆ ಬಂದಿತ್ತು. ಆದರೆ ಹಬ್ಬದ ದಿನ ಹೆಂಗಸರಿಗೆ ವಡೆ ಹಿಟ್ಟು ಕಲ್ಲಿನಲ್ಲೇ ರುಬ್ಬಬೇಕೆಂಬ ಆಸೆ. ಅವರು ಶೆಡ್ಡಿಗೆ ಬಂದು ಅಂಟು ಆರುವ ಮುಂಚೆಯೇ ಕಲ್ಲು ಎತ್ತಿಕೊಂಡು ಹೋಗುತ್ತಿದ್ದರು. ಹಾಗೆ ಒಂದು ಯುಗಾದಿಗೆ ಯಾರದೋ ಮನೆಯ ಕಮಾನು ಬಾಯಿ ಬಿಟ್ಟುಕೊಂಡಿತು.

ಆಗ ಅವರು ಫೋನಿನಲ್ಲಿ ಒಂದು ವಿಡಿಯೊ ನೋಡಿದರು. ಯಾವುದೋ ದೇಶದ ಬಡಗಿ ಮರವನ್ನು ಪ್ಲಾಸ್ಟಿಕ್ ಚೀಲದೊಳಗೆ ತೂರಿಸಿ, ಪಂಪು ಹಾಕಿ ಒಳಗಿನ ಗಾಳಿ ಎಳೆದಾಗ, ಚೀಲ ಮರಕ್ಕೆ ಚರ್ಮದ ಹಾಗೆ ಹತ್ತಿಕೊಂಡಿತು. ಹೊರಗಿನ ಗಾಳಿಯೇ ಮರವನ್ನು ಎಲ್ಲ ಕಡೆಯಿಂದ ಒತ್ತಿ ಹಿಡಿಯಿತು. ಆ ಬಡಗಿಯ ಮಾತು ಒಂದಕ್ಷರ ಅರ್ಥವಾಗಲಿಲ್ಲ, ಅದಕ್ಕೇ ಸದ್ದು ನಿಲ್ಲಿಸಿ ಬರೀ ಕೈ ನೋಡಿದರಂತೆ. "ಕ್ಲಾಂಪು ಹಾಕಿದ ಕಡೆ ಮಾತ್ರ ಒತ್ತುತದೆ, ಕಲ್ಲು ಇಟ್ಟ ಕಡೆ ಮಾತ್ರ ಒತ್ತುತದೆ. ಗಾಳಿಗೆ ಆ ಪಕ್ಷಪಾತ ಇಲ್ಲ ಕಣಮ್ಮ" ಎನ್ನುವುದು ಅವರ ದೊಡ್ಡ ಮಾತು. ಅಂಥ ಚೀಲ ಕೊಳ್ಳೋಣವೆಂದರೆ ಇಲ್ಲಿ ಎಲ್ಲಿಯೂ ಸಿಗಲಿಲ್ಲ. ಸಿಕ್ಕಿದ್ದರೆ ನನ್ನ ಅಂಗಡಿಗೆ ಬರುತ್ತಲೇ ಇರಲಿಲ್ಲ. ಗುಜರಿಯಿಂದ ಹಳೆಯ ಫ್ರಿಜ್ಜಿನ ಕಂಪ್ರೆಸರು ತಂದು ಪಂಪು ಮಾಡಿಕೊಂಡರು. ಚೀಲವನ್ನು ನಾವೇ ಮಾಡೋಣ ಅಂದರು. ಆ "ನಾವೇ" ಎಂಬುದರಲ್ಲಿ ನಾನು ಹೇಗೆ ಸೇರಿಕೊಂಡೆ ಎಂದು ಈಗಲೂ ಗೊತ್ತಿಲ್ಲ.

ನಾನು ನೇಯ್ಗೆ ಮನೆಯ ಸೊಸೆ. ಕಡಿದ ಎಳೆ ಕೂಡಿಸಿದ ಬೆರಳಿಗೆ ಶೀಟು ಕೂಡಿಸುವುದು ಯಾವ ಲೆಕ್ಕ ಎಂದು ಜಂಬದಿಂದ ಶುರು ಮಾಡಿದೆ. ಮೊದಲು ಹೊಲಕ್ಕೆ ಹಾಸುವ ಶೀಟಿನಲ್ಲಿ ಮಾಡಿ ನೋಡಿದೆವು. ಅದು ಯಾವ ಅಂಟಿಗೂ ಜಗ್ಗುವುದಿಲ್ಲ, ಕಾಯಿಸಿಯೇ ಕೂಡಿಸಬೇಕು. ಎರಡು ಅಂಚು ಒಂದರ ಮೇಲೊಂದು ಇಟ್ಟು, ಮೇಲೆ ನ್ಯೂಸ್ ಪೇಪರು ಹಾಕಿ ಇಸ್ತ್ರಿಪೆಟ್ಟಿಗೆ ಎಳೆದೆ. ಬಿಸಿ ಕಡಿಮೆಯಾದ ಕಡೆ ಅಂಚು ಬಿಟ್ಟುಕೊಂಡಿತು, ಹೆಚ್ಚಾದ ಕಡೆ ತೂತು ಬಿತ್ತು. ಅಂದಿನ ಪೇಪರಿನ ಒಂದು ಸಿನಿಮಾ ಜಾಹೀರಾತು ಚೀಲದ ಮೇಲೆ ಉಲ್ಟಾ ಅಚ್ಚಾಗಿ ಕೂತಿತು. ಅವರು ನಾಯಕನ ಮೂಗಿನ ಪಕ್ಕದ ತೂತಿಗೆ ಕಿವಿ ಇಟ್ಟು, "ಈಯಪ್ಪ ಉಸಿರು ಬಿಡ್ತವ್ನೆ" ಅಂದರು.

ಆಮೇಲೆ ಟೇಬಲ್ಲಿಗೆ ಹಾಸುವ ದಪ್ಪ ಶೀಟಿಗೆ ಬಂದೆವು. ಅದನ್ನು ನೀರಿನ ಪೈಪು ಜೋಡಿಸುವ ಸೊಲ್ಯೂಷನ್ನಿನಿಂದ ಅಂಟಿಸಬಹುದು. ಅಂಚನ್ನು ಮೊದಲು ಚೆನ್ನಾಗಿ ಒರೆಸಿ, ಎರಡು ಬೆರಳಗಲ ಒಂದರ ಮೇಲೊಂದು ಬರುವಂತೆ ಇಟ್ಟು, ಸೊಲ್ಯೂಷನ್ ಸವರಿ, ಲಟ್ಟಣಿಗೆ ಉರುಳಿಸಿ ಒಳಗಿನ ಗುಳ್ಳೆಗಳನ್ನೆಲ್ಲ ಆಚೆ ದಬ್ಬಬೇಕು. ಆಮೇಲೆ ಮುಟ್ಟದೆ ಬಿಡಬೇಕು. ಆ ಬಿಡುವುದೇ ಕಷ್ಟ. ಮೇಲೆ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಹಸಿಯಾಗಿಯೇ ಇರುತ್ತದೆ, ಪಂಪು ಹಾಕಿದರೆ ಮೆಲ್ಲಗೆ ಜಾರುತ್ತದೆ. ಚೀಲದ ಮೂರು ಕಡೆ ಹೀಗೆ ಅಂಟಿಸಿ, ನಾಲ್ಕನೆಯ ಕಡೆಯ ಬಾಯಿಯನ್ನು ಸಣ್ಣ ಪೈಪಿಗೆ ಸುತ್ತಿ, ಉದ್ದಕ್ಕೆ ಸೀಳಿದ ಇನ್ನೊಂದು ಪೈಪನ್ನು ಮೇಲೆ ಟಪ್ಪನೆ ಕೂರಿಸಿದರೆ ಬಾಯಿ ಬಂದ್. ಗಾಳಿ ಎಲ್ಲ ಮೂಲೆಯಿಂದ ಪಂಪಿನ ಕಡೆ ಹರಿಯಲು ಮರದ ಮೇಲೆ ಈರುಳ್ಳಿ ಮೂಟೆಯ ಬಲೆ ಹಾಸುತ್ತಿದ್ದರು. ಇದಿಷ್ಟೇ ವಿದ್ಯೆ. ಇದನ್ನು ಕಲಿಯಲು ನಮಗೆ ಎಂಟು ತಿಂಗಳು ಹಿಡಿಯಿತು.

ಅವರ ಪರೀಕ್ಷೆ ಘೋರ. ಚೀಲ ಬಿಗಿದ ಮೇಲೆ ಪಂಪು ನಿಲ್ಲಿಸಿಬಿಡುವರು. "ನಮ್ಮೂರಾಗೆ ಕರೆಂಟು ಹೇಳಿ ಹೋಯ್ತದಾ? ಅದು ಹೋದ್ರೂ ಚೀಲ ತಡೀಬೇಕು" ಎಂದು ಒಂದು ತುಂಡು ಪೈಪನ್ನು ಡಾಕ್ಟರ ಹಾಗೆ ಕಿವಿಗೆ ಹಿಡಿದು ಅಂಚಿನುದ್ದಕ್ಕೂ ಬಗ್ಗಿ ನಡೆಯುವರು. ಒಂದು ಕಿವಿ ಯಂತ್ರದ ಸದ್ದಿಗೆ ಮಂದವಾಗಿತ್ತು, ಇನ್ನೊಂದಕ್ಕೆ ಇರುವೆ ನಡೆದರೂ ಕೇಳಿಸುತ್ತಿತ್ತು. ಗಂಟೆಗಟ್ಟಲೆ ಬಿಗಿ ಸಡಿಲವಾಗದ ಚೀಲವನ್ನು ನಾನು ಮಾಡಿದ ದಿನ ಅವರು ಮಾಡಿದ್ದು ಒಂದೇ, ಪೈಪಿನ ತುಂಡನ್ನು ನನ್ನ ಕೈಗೆ ಕೊಟ್ಟು ಉಗ್ಗಾಣಿ ತಿನ್ನಲು ಹೋದರು. ಇನ್ನು ಮೇಲೆ ನೀನೇ ಕೇಳಿಸಿಕೋ ಎಂದು ಅದರ ಅರ್ಥ. ಆ ತುಂಡು ಈಗಲೂ ನನ್ನ ಗಲ್ಲಾಪೆಟ್ಟಿಗೆಯಲ್ಲಿದೆ. ಅಲ್ಲಿಂದಾಚೆಗೆ ಅವರ ಚೀಲಗಳ ಅಂಚೆಲ್ಲ ನನ್ನದು, ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಕಲ್ಯಾಣದುರ್ಗದ ಎಷ್ಟೋ ಮನೆಗಳ ಕಮಾನುಗಳು ನನ್ನ ಅಂಚಿನೊಳಗೆ ಬಾಗಿದವು.

ಹೋದ ವರ್ಷ ನಮ್ಮ ಅತ್ತೆ ಮಗ್ಗದ ಗುಂಡಿಯಿಂದ ಮೇಲೆ ಹತ್ತುವಾಗ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಮೂಳೆ ಕೂಡಿತು, ಆದರೆ ಓರೆಯಾಗಿ ಕೂಡಿತು. ನಿಲ್ಲಲು ಕಷ್ಟವಾದರೂ ನಿಲ್ಲುತ್ತಿದ್ದರು, ಮಲಗುತ್ತಿದ್ದರು. ಕೂರಲು ಮಾತ್ರ ಆಗುತ್ತಿರಲಿಲ್ಲ. ಯಾವ ಕುರ್ಚಿಯಲ್ಲಿ ಕೂರಿಸಿದರೂ ಮೈ ಎಡಕ್ಕೆ ಜಾರಿ ಐದು ನಿಮಿಷಕ್ಕೆ ನೋವು. ದಿಂಬು ಕೊಟ್ಟೆವು, ಪಕ್ಕಕ್ಕೆ ಬಟ್ಟೆ ಸುತ್ತಿ ಒತ್ತುಕೊಟ್ಟೆವು, ಅಂಗಡಿಯಿಂದ ದುಬಾರಿ ಕುರ್ಚಿ ತಂದೆವು. ಏನೂ ಆಗಲಿಲ್ಲ. ಅರವತ್ತು ವರ್ಷ ಕೂತೇ ಬದುಕಿದ ಹೆಂಗಸು ಅವರು. ಮಗ್ಗದ ಮುಂದೆ ಕೂತಿದ್ದು, ರಾಟೆಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತಿದ್ದು, ಜಗಲಿಯಲ್ಲಿ ಕೂತು ಬೀದಿಯವರ ಮೇಲೆ ತೀರ್ಪು ಕೊಟ್ಟಿದ್ದು. ಈಗ ಸೂರು ನೋಡುತ್ತ ಮಲಗಿದ್ದರು. ನನ್ನನ್ನು ಬೈಯುವುದನ್ನು ನಿಲ್ಲಿಸಿದರು. ಆಗಲೇ ನನಗೆ ನಿಜವಾಗಿ ಭಯವಾಗಿದ್ದು.

ಮೇಸ್ತ್ರಿ ಶೀಟಿಗೆಂದು ಬಂದವರು ಅವರನ್ನು ನೋಡಿದರು. ಮಾರನೆಯ ವಾರ ಅಗಲವಾದ ಬಾಂಡ್ಲಿ ತುಂಬ ಒದ್ದೆ ಮರಳು ತುಂಬಿಸಿ, ಮೇಲೆ ತೆಳು ಶೀಟು ಹಾಸಿ ಅತ್ತೆಯ ಮುಂದೆ ಇಟ್ಟರು.

"ಅವ್ವ, ಇದ್ರಾಗೆ ಕೂತ್ಕ. ನಿಂಗೆ ಎಂಗೆ ಸರೋಯ್ತದೋ ಅಂಗೆ ಅಲ್ಲಾಡ್ಕೊಂಡು ಕೂತ್ಕ."

"ಈ ವಯಸ್ಸಿಗೆ ಮರಳಾಗೆ ಆಟ ಆಡ್ಸೋಕೆ ಬಂದೇನಪ್ಪ?" ಅಂದರು ಅತ್ತೆ. ಆದರೂ ನಾವಿಬ್ಬರೂ ಹಿಡಿದು ಕೂರಿಸಿದೆವು. ಅವರು ಆ ಕಡೆ ಈ ಕಡೆ ಅಲ್ಲಾಡಿದರು, ಮರಳು ಅವರಿಗೆ ತಕ್ಕಂತೆ ತಗ್ಗಿತು. ಐದು ನಿಮಿಷ ಆಯಿತು, ಹತ್ತಾಯಿತು. ಮುಖದಲ್ಲಿ ನೋವಿಲ್ಲ. "ಇದನ್ನೇ ಬಿಟ್ಟೋಗು. ಮರಳೇ ಸಾಕು ನಂಗೆ" ಅಂದರು.

ಮರಳಿನ ಆ ತಗ್ಗಿಗೆ ಪ್ಲಾಸ್ಟರು ಹೊಯ್ದು ಅಚ್ಚು ತೆಗೆದರು. ಬಲಗಡೆ ತಗ್ಗು, ಎಡಗಡೆ ಉಬ್ಬು, ಲೋಕದಲ್ಲಿ ಇನ್ನು ಯಾರಿಗೂ ಹೊಂದದ ಆಕಾರ. ಅದರ ಮೇಲೆ ತೇಗದ ತೆಳು ಹಾಳೆಗಳನ್ನು ಪಟ್ಟಿ ಕತ್ತರಿಸಿ ಏಳು ಪದರ ಅಂಟಿಸಿದರೆ ಅತ್ತೆಗೊಂದು ಕೂರುವ ಹಲಗೆ. ಅಂಥ ಹಾಳೆ ಅವರ ಹತ್ತಿರ ಒಂದೇ ಕಂತೆ ಇತ್ತು. ಯಾವುದೋ ಹಳೆಯ ಮನೆಯ ಕಂಬದ ತೇಗ, ಎಷ್ಟೋ ವರ್ಷದಿಂದ ಕಾಪಾಡಿಕೊಂಡು ಬಂದದ್ದು. ಇದಕ್ಕೇ ಇಟ್ಟಿದ್ದೆ ಅನ್ನಿಸ್ತದೆ ಎಂದರು.

ಇನ್ನು ನನ್ನ ತಪ್ಪಿನ ಕತೆ. ಬರೆಯಲು ಕೈ ಹಿಂದೆ ಬೀಳುತ್ತದೆ, ಆದರೂ ಅದನ್ನು ಬಿಟ್ಟರೆ ಅವರನ್ನು ಹೇಳಿದ ಹಾಗಾಗುವುದಿಲ್ಲ.

ಅತ್ತೆಯ ಅಳತೆ ಮತ್ತೆ ಬೇಕಾಗಬಹುದೆಂದು ಕೆಲಸವನ್ನು ನಮ್ಮ ಹಿತ್ತಲಿನಲ್ಲೇ ಇಟ್ಟುಕೊಂಡಿದ್ದೆವು. ಎರಡು ಡಬ್ಬಿಯಿಂದ ಬೆರೆಸುವ ಅಂಟು. ಬೆರೆಸಿದ ಮೇಲೆ ಮುಕ್ಕಾಲು ಗಂಟೆಯೊಳಗೆ ಎಲ್ಲ ಮುಗಿಯಬೇಕು. ಏಳು ಪದರ ಮುಗಿದು, ಅಚ್ಚನ್ನು ಚೀಲದೊಳಗೆ ತಳ್ಳುವಾಗ ಅದರ ಒಂದು ಚೂಪು ಮೂಲೆ ತಗುಲಿ ಚೀಲದಲ್ಲಿ ಕಾಸಿನಗಲ ತೂತಾಯಿತು. ಅವರು ಗಾಬರಿಯಾಗಲಿಲ್ಲ. ಒಂದು ತುಂಡು ಶೀಟಿಗೆ ಸೊಲ್ಯೂಷನ್ ಸವರಿ ತೇಪೆ ಹಾಕಿದರು, ಕಿರುಬೆರಳಿನ ಹಿಂಬದಿಯಿಂದ ಅಂಚು ಸವರಿದರು, "ತಡಿ" ಅಂದರು. ಮೇಲೆ ಹಾಕಲು ಒಂದು ಅಗಲ ಟೇಪು ತರುತ್ತೇನೆಂದು ಮುಂದಿನ ಬೀದಿಗೆ ಹೋದರು.

ನಾನು ತಡೆದೆ. ಐದು ನಿಮಿಷ ತಡೆದೆ, ಹತ್ತು ನಿಮಿಷ ತಡೆದೆ. ಒಳಗೆ ಅಂಟು ಗಟ್ಟಿಯಾಗುತ್ತಿದೆ, ಅವರು ಬರಲಿಲ್ಲ. ತಡಿ ಎಂದರೆ ಎಷ್ಟು ತಡೆಯಬೇಕು? ಕನ್ನಡದ ತಡಿಗೆ ಆಯಸ್ಸು ಕಡಿಮೆ, ಹತ್ತು ನಿಮಿಷ ಕಳೆದರೆ ಅದು ಮುಗಿಯಿತು. ನಾನು ಪಂಪು ಹಾಕಿದೆ. ಅವರು ಹೇಳಿದ್ದು ತೆಲುಗು ತಡಿ. ತೇಪೆ ಇನ್ನೂ ಹಸಿಯಾಗಿತ್ತು. ಒಣಗುವ ತನಕ ಅದಕ್ಕೆ ಕೊನೆಯಿಲ್ಲ. ಚೀಲ ಬಿಗಿಯುತ್ತಿದ್ದಂತೆಯೇ ತೇಪೆ ಜಾರಿ ತೂತಿನೊಳಗೆ ಹೋಯಿತು. ಸುಸ್ಸೆಂದು ಸದ್ದು.

ಟೇಪು ಹಿಡಿದು ಓಡಿ ಬಂದವರು ಟೇಪನ್ನು ಬಿಸಾಡಿ ತೂತಿನ ಮೇಲೆ ಅಂಗೈ ಇಟ್ಟರು. ಚೀಲ ಅವರ ಕೈಯನ್ನು ಎಳೆದು ಹಿಡಿಯಿತು. ಸೊಲ್ಯೂಷನ್ ಒಣಗಿ ಟೇಪು ಹಿಡಿಯುವ ತನಕ, ಆ ಅಂಗೈಯನ್ನು ಅವರು ಮೂರು ಗಂಟೆ ತೆಗೆಯಲಿಲ್ಲ. ಹಿತ್ತಲಿನ ಬಿಸಿಲು ಮೈಮೇಲೆ ಬಂತು, ನಾನು ಕೊಡೆ ಹಿಡಿದು ನಿಂತೆ. ನೀರನ್ನೂ ನಾನೇ ಕುಡಿಸಿದೆ.

"ತಡಿ ಅಂದಿದ್ನಲ್ಲ ಕಣಮ್ಮ" ಅಂದರು, ಅರ್ಧ ಗಂಟೆಯಾದ ಮೇಲೆ.

"ತಡೆದ್ನಲ್ಲಣ್ಣ" ಅಂದೆ.

ಅವರು ನನ್ನ ಮುಖ ನೋಡಿದರು. ಏನಾಗಿದೆ ಎಂದು ಆಗ ಹೊಳೆಯಿತು. ಒಂದು ಕೈ ಚೀಲಕ್ಕೆ ಅಂಟಿಕೊಂಡಿದ್ದ ಹಾಗೆಯೇ ಅವರು ಹೊಟ್ಟೆ ಕುಣಿಯುವಂತೆ ನಕ್ಕರು. ನನಗೆ ಅಳು ಬಂತು. ಅವರು ಬೈದಿದ್ದರೆ ನಾನು ಜಗಳವಾಡಿ ಹಗುರಾಗುತ್ತಿದ್ದೆ.

ಮಾರನೆಯ ದಿನ ಹಲಗೆ ಹೊರಗೆ ಬಂದಾಗ ಕಣ್ಣಿಗೆ ಚೆನ್ನಾಗಿಯೇ ಇತ್ತು. ಅವರು ಬೆರಳ ಗೆಣ್ಣಿನಿಂದ ಒಂದೊಂದೇ ಕಡೆ ತಟ್ಟುತ್ತ ಬಂದರು. ಟಕ್, ಟಕ್, ಟಕ್. ಅತ್ತೆಯ ಎಡ ಸೊಂಟ ಒರಗುವ ಜಾಗದಲ್ಲಿ ಮಾತ್ರ ಡಬ್ ಎಂದಿತು. ಒಳಗೆ ಪದರ ಹತ್ತಿರಲಿಲ್ಲ. ಮಲಗಿದ್ದಲ್ಲಿಂದಲೇ ಅತ್ತೆ ಆ ಸದ್ದು ಕೇಳಿಸಿಕೊಂಡರು.

"ಮೇಲೆ ಬಟ್ಟೆ ಹಾಸ್ಕೊಂಡ್ರೆ ಯಾರ್ಗೆ ಕಾಣ್ತದೆ? ಅದನ್ನೇ ಕೊಟ್ಬುಡಪ್ಪ."

"ನಿಂಗೆ ಕಾಣ್ತದೆ ಕಣವ್ವ. ಆರು ತಿಂಗ್ಳಿಗೆ ಬಾಯಿ ಬಿಟ್ಕಂತದೆ. ಒಂದ್ಸಲ ಬಿದ್ದಿದ್ದು ಸಾಕು ನೀನು."

ಅತ್ತೆ ಗೋಡೆಯ ಕಡೆ ಹೊರಳಿದರು. ಮೇಸ್ತ್ರಿ ಹಲಗೆಯನ್ನು ಅಲ್ಲೇ ಗರಗಸದಿಂದ ಎರಡು ತುಂಡು ಮಾಡಿ, ಎಲ್ಲಿ ಹತ್ತಿಲ್ಲ ಎಂದು ನನಗೆ ತೋರಿಸಿ, ಚೀಲದ ಜೊತೆ ಕಟ್ಟಿಕೊಂಡು ಬಸ್ಸು ಹತ್ತಿದರು. ಅವರ ಅಂಗೈಯಲ್ಲಿ ಗುಂಡಗೆ ಕೆಂಪು ಗುರುತು ಎದ್ದಿತ್ತು. ಅದನ್ನು ಕಂಡಕ್ಟರನಿಗೆ ತೋರಿಸುತ್ತಿದ್ದುದು ಕಿಟಕಿಯಲ್ಲಿ ಕಂಡಿತು.

ಆ ಮೇಲೆ ನಮ್ಮ ನಡುವೆ ಒಂದು ಕಾಯಿದೆ ಬಂತು. ತಡಿ ಎಂದು ಬರೀ ಹೇಳುವ ಹಾಗಿಲ್ಲ. ತೆಲುಗು ತಡಿಯೋ ಕನ್ನಡ ತಡಿಯೋ ಹೇಳಬೇಕು. ಫೋನಿನಲ್ಲಿ ಮಾತಾಡುವಾಗ ಗಿರಾಕಿ ಬಂದರೆ "ಕನ್ನಡ ತಡಿ ಅಣ್ಣ" ಎನ್ನುತ್ತಿದ್ದೆ. ಅವರ ಹೆಂಡತಿಗೂ ಈ ರೋಗ ಅಂಟಿತು. ಆ ಅಕ್ಕ ಸೀರೆ ಒಣಹಾಕುವಾಗಲೂ "ಇನ್ನೂ ತೆಲುಗು ತಡಿ ಐತೆ" ಎನ್ನುತ್ತಿದ್ದರಂತೆ.

ತೇಗದ ಹಾಳೆ ಮತ್ತೆ ಹೊಂದಿಸಲು ಅವರಿಗೆ ಮೂರು ತಿಂಗಳಾಯಿತು. ಈ ಸಲ ಕೆಲಸ ಕಲ್ಯಾಣದುರ್ಗದಲ್ಲಿ, ಚೀಲ ಮಾತ್ರ ನನ್ನದು. ನಾನು ಹೊಸ ಶೀಟು ಕತ್ತರಿಸಿ, ಅಂಚನ್ನು ಎರಡರ ಬದಲು ಮೂರು ಬೆರಳಗಲ ಇಟ್ಟು, ನಾಲ್ಕು ದಿನ ಒಣಗಲು ಬಿಟ್ಟೆ. ಮನೆಯವರು ಯಾರೂ ಆ ಕಡೆ ಸುಳಿಯದ ಹಾಗೆ ನೋಡಿಕೊಂಡೆ. ಐದನೆಯ ದಿನ ಬಸ್ಸಿನಲ್ಲಿ ಕಳಿಸಿದೆ. ಒಂದು ಮಧ್ಯಾಹ್ನ ನಾಲ್ಕಕ್ಕೆ ಫೋನು ಮಾಡಿದರು. "ಚೀಲ ಬಿಗೀತು ಕಣಮ್ಮ. ಕಿವಿ ಇಟ್ಟು ನೋಡ್ದೆ, ಉಸ್ರೇ ಇಲ್ಲ. ನಾಳಿಕ್ಕೆ ಈ ವತ್ಗೆ ಬಿಚ್ತೀನಿ, ನಾಡಿದ್ದು ತತ್ತೀನಿ. ಅವ್ವಂಗೆ ಹೇಳು." ನಾನು ಹೇಳಿದೆ. ಸ್ವಲ್ಪ ಹೊತ್ತಾದ ಮೇಲೆ ಅತ್ತೆ, ನನ್ನ ರಾಟೆ ಎಲ್ಲಿಟ್ಟಿದ್ದೀಯ ಎಂದು ಕೇಳಿದರು.

ಮಾರನೆಯ ಬೆಳಿಗ್ಗೆ ಅಂಗಡಿ ತೆಗೆದು ಕೂತಾಗ ಅವರ ನಂಬರಿನಿಂದಲೇ ಫೋನು ಬಂತು. ಆ ಕಡೆ ಅಕ್ಕ. ದನಿ ಬೇರೆಯಾಗಿತ್ತು. ಮುಖ ತೊಳೆಯಲು ನಲ್ಲಿಯ ಹತ್ತಿರ ಹೋದವರು ಅಲ್ಲೇ ಕುಸಿದರಂತೆ. ಆಸ್ಪತ್ರೆಗೆ ಒಯ್ಯುವ ಮುಂಚೆಯೇ ಮುಗಿದಿತ್ತು. ನಾನು ಏನು ಮಾತಾಡಿದೆನೋ ನೆನಪಿಲ್ಲ. ಆ ಅಕ್ಕ ಮಾತ್ರ ಒಂದೊಂದೇ ಮಾತು ಜೋಡಿಸಿ ಹೇಳಿದರು.

"ಶೆಡ್ಡಾಗೆ ನಿಮ್ಮತ್ತೇದು ಐತೆ ಕಣಮ್ಮ, ಚೀಲದಾಗೆ. ನೆಂಟ್ರು ಬಂದವ್ರೆ. ಶವ ಶೆಡ್ಡಾಗೆ ಮಲಗ್ಸಬೇಕು, ಟೇಬಲ್ಲು ಎತ್ತಾಕು, ಚೀಲ ಬಿಚ್ಚಾಕು ಅಂತಾರೆ. ಈಗ ಕರೆಂಟೂ ಹೋಯ್ತು, ಪಂಪು ನಿಂತೋಯ್ತು. ಬಿಚ್ಲಾ?"

ಹಾಕಿ ಇನ್ನೂ ಹದಿನೆಂಟು ಗಂಟೆ, ಬೇಕಿದ್ದದ್ದು ಇಪ್ಪತ್ತನಾಲ್ಕು. ಹೆಣದ ಮನೆಯಲ್ಲಿ ಮರದ ಹಲಗೆಯ ಮಾತಾಡಲು ನನಗೆ ಬಾಯಿ ಬರಲಿಲ್ಲ. ಬಿಚ್ಚಿಬಿಡಕ್ಕ, ಹೋಗಲಿ ಎನ್ನಬೇಕು ಅನ್ನಿಸಿತು. ಮನೆಯಲ್ಲಿ ಅತ್ತೆ ರಾಟೆಯ ಧೂಳು ಒರೆಸಿಕೊಂಡು ಮಲಗಿದ್ದರು. ಮೂರು ಗಂಟೆ ಬಿಸಿಲಿನಲ್ಲಿ ಅಂಗೈ ತೆಗೆಯದೆ ಕೂತವರು ನೆನಪಾದರು.

"ತಡಿಯಕ್ಕ" ಅಂದೆ.

ಆ ಕಡೆ ಹಿಂದೆ ಯಾರೋ ಅಳುತ್ತಿದ್ದರು.

"ಯಾವ ತಡಿ ಕಣಮ್ಮ?"

"ತೆಲುಗು ತಡಿ."

"ಕರೆಂಟಿಲ್ಲ. ಚೀಲ ತಡೀತದಾ?"

"ತಡೀತದಕ್ಕ. ಅದು ನನ್ನ ಅಂಚು."

"ಸರಿ. ನಾನು ಯಾರ್ನೂ ಮುಟ್ಟೋಕೆ ಬಿಡಲ್ಲ" ಎಂದು ಫೋನಿಟ್ಟರು.

ವಿಷಯ ಹೇಳಿದಾಗ ಅತ್ತೆ ಕಣ್ಣು ಮುಚ್ಚಿಕೊಂಡರು. "ಹಲಗೆ ತರೋಕೆ ಅಂತ ಹೋಗ್ಬ್ಯಾಡ. ಆಯಪ್ಪನ್ನ ನೋಡೋಕೆ ಹೋಗು" ಅಂದರು. ಮೂರು ತಾಸಿನ ದಾರಿ. ಬಸ್ಸಿನಲ್ಲಿ ಕಂಡಕ್ಟರನಿಗೆ ಸಾವಿನ ಮನೆಗೆ ಹೋಗಬೇಕು ಅಂದೆ. ಪಕ್ಕದವರು ಯಾರಮ್ಮ ಎಂದು ಕೇಳಿದರೆ ಅಣ್ಣ ಅಂದೆ.

ಅಲ್ಲಿ ಹೋಗಿ ನೋಡಿದರೆ ಶವವನ್ನು ಶೆಡ್ಡಿನ ಹೊರಗೆ ಬೇವಿನ ಮರದ ಕೆಳಗೆ ಮಲಗಿಸಿದ್ದರು. ಒಳಗೆ ಟೇಬಲ್ಲು ಇದ್ದಲ್ಲೇ ಇತ್ತು. ಪಂಪು ನಿಂತಿತ್ತು. ಚೀಲ ಅತ್ತೆಯ ಸೊಂಟದ ಆಕಾರಕ್ಕೆ ಒಂದು ಸುಕ್ಕೂ ಸಡಿಲದೆ ಬಿಗಿದು ಕೂತಿತ್ತು. ಗಂಡನ ತಲೆಯ ಹತ್ತಿರ ಕೂತಿದ್ದ ಅಕ್ಕ ನನ್ನನ್ನು ನೋಡಿದ್ದೇ, "ನೋಡು, ತಡೆದೈತೆ" ಅಂದರು. ಅಷ್ಟು ಹೊತ್ತೂ ತಡೆದುಕೊಂಡಿದ್ದ ನಾನು ಅಲ್ಲಿ ಅತ್ತುಬಿಟ್ಟೆ.

ಮಣ್ಣು ಮಾಡಿ ಬಂದ ಮೇಲೆ ಇನ್ನೂ ಬಿಸಿಲಿತ್ತು. ಸ್ನಾನ ಮುಗಿಸಿದ ಅಕ್ಕ ಶೆಡ್ಡಿಗೆ ಕರೆದರು. "ನೀನೇ ಬಿಚ್ಚು" ಅಂದರು. ಪೈಪು ತೆಗೆದಾಗ ಚೀಲ ಉಸ್ಸೆಂದು ಗಾಳಿ ಎಳೆದುಕೊಂಡಿತು. ಬಲೆ ಸರಿಸಿ, ಅಂಚಿನಲ್ಲಿ ತೊಟ್ಟಿಕ್ಕಿ ನಿಂತಿದ್ದ ಅಂಟನ್ನು ಕಿರುಬೆರಳಿನ ಹಿಂಬದಿಯಿಂದ ಮುಟ್ಟಿದೆ. ಒಣಗಿ ಕಲ್ಲಾಗಿತ್ತು. ಆಮೇಲೆ ಬೆರಳ ಗೆಣ್ಣಿನಿಂದ ತಟ್ಟುತ್ತ ಹೋದೆ. ಟಕ್, ಟಕ್, ಟಕ್. ಎಡ ಸೊಂಟದ ಜಾಗಕ್ಕೆ ಬಂದಾಗ ಕೈ ನಿಂತಿತು. ಅಕ್ಕ ಮುಂದೆ ಬಗ್ಗಿ ತಾವೇ ತಟ್ಟಿದರು. ಟಕ್ ಎಂದಿತು.

ಅವರು ಇದ್ದಿದ್ದರೆ ಅಂಚು ಉಜ್ಜಿ, ಎರಡು ಸಲ ಪಾಲಿಷ್ ಕೊಟ್ಟು ತರುತ್ತಿದ್ದರು. ನಾನು ಹಾಗೆ ಒರಟೊರಟಾಗಿಯೇ ಹಳೆಯ ಸೀರೆಯಲ್ಲಿ ಸುತ್ತಿ ಮಾರನೆಯ ದಿನ ತಂದೆ. ಹೊರಡುವಾಗ ಅಕ್ಕ, ಪಾಲಿಷ್ ಯಾರಿಂದಲೂ ಮಾಡಿಸಬೇಡ, ಹಾಗೇ ಇರಲಿ ಅಂದರು. ಹಾಗೇ ಇಟ್ಟಿದ್ದೇನೆ.

ಜಗಲಿಯ ಮೇಲೆ ಹಲಗೆ ಇಟ್ಟು ಅತ್ತೆಯನ್ನು ಕೂರಿಸಿದೆವು. ಅವರು ಮರಳಿನಲ್ಲಿ ಅಲ್ಲಾಡಿದ ಹಾಗೆ ಒಮ್ಮೆ ಅಲ್ಲಾಡಿ ಸುಮ್ಮನಾದರು. ಮೈ ಎಡಕ್ಕೆ ಜಾರಲಿಲ್ಲ. ಎದುರಿಗೆ ರಾಟೆ ಇಟ್ಟೆ, ಮುಟ್ಟಲಿಲ್ಲ. ಬೀದಿ ನೋಡುತ್ತ ಕೂತರು. ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು. ಮೊದಲ ದಿನವೇ ಹೆಚ್ಚಾದೀತೆಂದು ನಾನು ಹೋಗಿ ತೋಳು ಹಿಡಿದೆ.

"ಸಾಕಾ ಅತ್ತೆ? ಏಳ್ಸಲಾ?"

ಅವರು ನನ್ನ ಕೈ ಬಿಡಿಸಿಕೊಂಡು, ಸೆರಗಿನಿಂದ ಕಣ್ಣೊರೆಸುತ್ತ, ಬೀದಿಯಿಂದ ಮುಖ ತಿರುಗಿಸದೆ, "ತಡಿ" ಅಂದರು.

ಯಾವ ತಡಿ ಎಂದು ನಾನು ಕೇಳಲಿಲ್ಲ. ಎರಡೂ ಇತ್ತು.